ಎಲ್‌ಇಡಿ ಉರಿಯುತ್ತಿಲ್ಲ, ಏನು ಮಾಡಲಿ? ಎಲೆಕ್ಟ್ರಾನಿಕ್ಸ್ ಕಲಿಯುವವರು ನೆರವು ಕೇಳುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

1. ನಾನು ಕೇಳಿದ್ದು ಒಂದೇ ಸಾಲಿನ ಸರಳ ಪ್ರಶ್ನೆ. ಉತ್ತರದ ಬದಲು ಹತ್ತು ಮರುಪ್ರಶ್ನೆಗಳು ಬಂದವು. ಏಕೆ?

"ಎಲ್‌ಇಡಿ ಉರಿಯುತ್ತಿಲ್ಲ, ಏನು ಮಾಡಲಿ?" ಎಂಬ ಸಾಲನ್ನೇ ತೆಗೆದುಕೊಳ್ಳೋಣ. ಕೇಳುವವರ ಮಟ್ಟಿಗೆ ಅದು ಪೂರ್ಣವಾದ ಪ್ರಶ್ನೆ, ಏಕೆಂದರೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ) ಅವರ ಕಣ್ಣೆದುರಿಗೇ ಇದೆ. ಉತ್ತರಿಸಬೇಕಾದವರ ಮುಂದೆ ಇರುವುದು ಆ ನಾಲ್ಕಾರು ಪದಗಳು ಮಾತ್ರ. ಎಲ್‌ಇಡಿಯ ಕಾಲುಗಳು ತಿರುವುಮುರುವಾಗಿರಬಹುದು. 330 ಓಮ್ ಎಂದುಕೊಂಡು 330 ಕಿಲೋಓಮ್ ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಬಿಡಿಭಾಗ) ಹಾಕಿರಬಹುದು. ರೆಸಿಸ್ಟರೇ ಇಲ್ಲದೆ 9 ವೋಲ್ಟ್ ಬ್ಯಾಟರಿಗೆ ಜೋಡಿಸಿದ್ದರಿಂದ ಎಲ್‌ಇಡಿ ಒಮ್ಮೆ ಮಿಂಚಿ ಸುಟ್ಟುಹೋಗಿರಬಹುದು. ಪ್ರೋಗ್ರಾಂನಲ್ಲಿ ಆ ಪಿನ್ನನ್ನು ಔಟ್‌ಪುಟ್ ಎಂದು ಸೂಚಿಸುವುದು ಮರೆತಿರಬಹುದು. ನೀಲಿ ಎಲ್‌ಇಡಿಗೆ 3 ವೋಲ್ಟ್ ಆಸುಪಾಸು ಬೇಕಿರುವಾಗ ಸಿಗುತ್ತಿರುವುದು ಎರಡು ಹಳೆಯ ಸೆಲ್‌ಗಳ 2.4 ವೋಲ್ಟ್ ಆಗಿರಬಹುದು. ಇವೆಲ್ಲವುಗಳ ಫಲ ಒಂದೇ, ಎಲ್‌ಇಡಿ ಉರಿಯುವುದಿಲ್ಲ. ಆದರೆ ಪರಿಹಾರ ಒಂದೊಂದಕ್ಕೂ ಬೇರೆ. ಮರುಪ್ರಶ್ನೆ ಕೇಳುವವರು ನಿಮ್ಮನ್ನು ಪರೀಕ್ಷೆಗೆ ಒಡ್ಡುತ್ತಿಲ್ಲ, ನಿಮ್ಮ ಮೇಜಿನ ಮೇಲೆ ಇರುವುದನ್ನು ನಿಮ್ಮ ಕಣ್ಣಿನಿಂದ ನೋಡಲು ಯತ್ನಿಸುತ್ತಿದ್ದಾರೆ. ಆ ನೋಟವನ್ನು ಮೊದಲ ಬರಹದಲ್ಲೇ ಒದಗಿಸಿದರೆ ಮೂರು ದಿನ ಎಳೆಯುವ ಮಾತುಕತೆ ಮೂರು ಸಾಲಿನಲ್ಲಿ ಮುಗಿಯುತ್ತದೆ.

2. ಹಾಗಾದರೆ ಪ್ರಶ್ನೆಯಲ್ಲಿ ಏನೇನು ಇರಲೇಬೇಕು?

ಸರ್ಕ್ಯೂಟ್ ಏನು ಮಾಡಬೇಕೆಂದು ನೀವು ಬಯಸಿದ್ದೀರಿ, ಅದನ್ನು ಹೇಗೆ ಜೋಡಿಸಿದ್ದೀರಿ, ಈಗ ಅದು ನಿಜವಾಗಿ ಏನು ಮಾಡುತ್ತಿದೆ, ಎಲ್ಲೆಲ್ಲಿ ಎಷ್ಟು ಅಳತೆ ಬಂತು ಎಂಬ ನಾಲ್ಕು ಸಂಗತಿಗಳಿದ್ದರೆ ಸಾಮಾನ್ಯವಾಗಿ ಸಾಕು. ಇವುಗಳ ಜೊತೆಗೆ ನಾನು ಒಂದು ನಿಯಮವನ್ನು ಪಾಲಿಸುತ್ತೇನೆ: ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸುವುದಿಲ್ಲ. "ಟ್ರಾನ್ಸಿಸ್ಟರ್ ಸುಟ್ಟಿದೆ" ಎಂಬುದು ಊಹೆ. "ಟ್ರಾನ್ಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ" ಎಂಬುದು ಕಂಡದ್ದು. ಊಹೆಯನ್ನು ಬರೆಯಬಾರದೆಂದಲ್ಲ, ಅದನ್ನು ಊಹೆಯೆಂದೇ ಬರೆಯಬೇಕು. ಇಲ್ಲದಿದ್ದರೆ ಉತ್ತರಿಸುವವರು ನಿಮ್ಮ ಊಹೆಯನ್ನೇ ಸತ್ಯವೆಂದು ನಂಬಿ ಬೇರೆ ದಾರಿ ಹಿಡಿಯುತ್ತಾರೆ.

ಒಂದು ಮಾದರಿಯನ್ನು ಪೂರ್ತಿಯಾಗಿಯೇ ಕೊಡುತ್ತೇನೆ. ಇದರಲ್ಲಿ ಬರುವ ರಿಲೇ ಎಂದರೆ ಕಾಯಿಲ್‌ನಲ್ಲಿ, ಅಂದರೆ ತಂತಿಸುರುಳಿಯಲ್ಲಿ, ಕರೆಂಟ್ ಹರಿದಾಗ ಟಕ್ಕೆಂದು ಕೂಡುವ ಸ್ವಿಚ್. ಆರ್ಡುಯಿನೊ ಯುನೊ ಪ್ರೋಗ್ರಾಂ ಏರಿಸಬಹುದಾದ ಪುಟ್ಟ ಬೋರ್ಡ್. ಟ್ರಾನ್ಸಿಸ್ಟರ್ ಬೇಸ್ ಎಂಬ ಕಾಲಿಗೆ ಕೊಟ್ಟ ಸಣ್ಣ ಕರೆಂಟಿನಿಂದ ಕಲೆಕ್ಟರ್, ಎಮಿಟರ್ ಎಂಬ ಕಾಲುಗಳ ನಡುವೆ ದೊಡ್ಡ ಕರೆಂಟನ್ನು ಹರಿಸುತ್ತದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಗ್ರೌಂಡ್ ಎಂದರೆ ಸರಬರಾಜಿನ ಋಣ ತುದಿ.

"5 ವೋಲ್ಟಿನ ರಿಲೇಯೊಂದನ್ನು ಆರ್ಡುಯಿನೊ ಯುನೊದ 7ನೇ ಪಿನ್‌ನಿಂದ ಬಿಸಿ547 ಟ್ರಾನ್ಸಿಸ್ಟರ್ ಮೂಲಕ ನಡೆಸಲು ಯತ್ನಿಸುತ್ತಿದ್ದೇನೆ. ಪಿನ್ ಮತ್ತು ಬೇಸ್ ನಡುವೆ 1 ಕಿಲೋಓಮ್ ರೆಸಿಸ್ಟರ್ ಇದೆ. ಎಮಿಟರ್ ಗ್ರೌಂಡ್‌ಗೆ ಹೋಗಿದೆ. ಕಲೆಕ್ಟರ್ ರಿಲೇಯ ಕಾಯಿಲ್‌ಗೆ, ಕಾಯಿಲ್‌ನ ಇನ್ನೊಂದು ತುದಿ 5 ವೋಲ್ಟ್‌ಗೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇದ್ದು, ಅದರ ಬಿಳಿ ಪಟ್ಟಿ 5 ವೋಲ್ಟ್ ಕಡೆಗಿದೆ. ಕಾಯಿಲ್‌ನ ರೆಸಿಸ್ಟೆನ್ಸ್ 70 ಓಮ್. ಪಿನ್ ಹೈ ಆದಾಗ ಪಿನ್‌ನಲ್ಲಿ 4.9 ವೋಲ್ಟ್, ಬೇಸ್‌ನಲ್ಲಿ 0.7 ವೋಲ್ಟ್, ಕಲೆಕ್ಟರ್‌ನಲ್ಲಿ 3.9 ವೋಲ್ಟ್ ತೋರಿಸುತ್ತದೆ. ರಿಲೇ ಸದ್ದು ಮಾಡುವುದಿಲ್ಲ. ಪ್ರೋಗ್ರಾಂ ಸರಿಯಿದೆಯೆಂದು ಊಹಿಸಿದ್ದೇನೆ."

ಇದನ್ನು ಓದಿದ ಅನುಭವಿಗೆ ಒಂದು ನಿಮಿಷವೂ ಬೇಕಾಗದು. ಪಿನ್‌ನಲ್ಲಿ ವೋಲ್ಟೇಜ್ ಇರುವುದರಿಂದ ಪ್ರೋಗ್ರಾಂ ನಿರ್ದೋಷಿ. ಬೇಸ್‌ನಲ್ಲಿ 0.7 ವೋಲ್ಟ್ ಇರುವುದರಿಂದ ಬೇಸ್‌ಗೆ ಸುಮಾರು 4 ಮಿಲಿಆಂಪ್ ಹರಿಯುತ್ತಿದೆ. ಆದರೂ ಕಲೆಕ್ಟರ್ ಸೊನ್ನೆಯ ಹತ್ತಿರಕ್ಕೆ ಇಳಿಯದೆ 3.9ರಲ್ಲಿ ನಿಂತಿದೆ, ಅಂದರೆ 70 ಮಿಲಿಆಂಪ್ ಹರಿಯಬೇಕಾದ ಕಾಯಿಲ್‌ನಲ್ಲಿ 16 ಮಿಲಿಆಂಪ್ ಮಾತ್ರ ಹರಿಯುತ್ತಿದೆ. ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ಚುಚ್ಚಿದಾಗ ಹೀಗೆಯೇ ಆಗುತ್ತದೆ, ಏಕೆಂದರೆ ಕಲೆಕ್ಟರ್ ಮತ್ತು ಎಮಿಟರ್ ಅದಲುಬದಲಾದರೂ ಅದು ಅಲ್ಪಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿರುವಾಗ ಬಿಸಿ547ರಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಇರುತ್ತವೆ. ನೋಡಲು ಥೇಟ್ ಅದರಂತೆಯೇ ಇರುವ 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದಕ್ಕೆ ಬರೆದ ಚಿತ್ರ ನೋಡಿ ಇನ್ನೊಂದನ್ನು ಜೋಡಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ಇದೇ ಪ್ರಶ್ನೆ "ರಿಲೇ ಆನ್ ಆಗ್ತಿಲ್ಲ, ಯಾರಾದ್ರೂ ಹೆಲ್ಪ್ ಮಾಡಿ" ಎಂದು ಬಂದಿದ್ದರೆ ಕಾಲುಗಳ ವಿಚಾರಕ್ಕೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತಿತ್ತೋ.

3. ಫೋಟೋ ಹಾಕಿದರೆ ಸಾಲದೆ? ನಕ್ಷೆ ಏಕೆ ಕೇಳುತ್ತಾರೆ?

ಎರಡೂ ಬೇಕು, ಏಕೆಂದರೆ ಅವೆರಡೂ ಹೇಳುವ ಸಂಗತಿ ಬೇರೆ ಬೇರೆ. ನಕ್ಷೆ ನೀವು ಏನನ್ನು ಜೋಡಿಸಲು ಹೊರಟಿರೆಂದು ಹೇಳುತ್ತದೆ, ಫೋಟೋ ಏನನ್ನು ಜೋಡಿಸಿದಿರೆಂದು ತೋರಿಸುತ್ತದೆ. ಬಹಳಷ್ಟು ಸಲ ದೋಷ ಇರುವುದು ಇವೆರಡರ ನಡುವಿನ ವ್ಯತ್ಯಾಸದಲ್ಲೇ.

ನಕ್ಷೆಗೆ ಕಂಪ್ಯೂಟರ್ ಬೇಕೆಂದೇನಿಲ್ಲ. ಕಿಕ್ಯಾಡ್‌ನಂಥ ಉಚಿತ ತಂತ್ರಾಂಶ ಇದೆ, ಕಲಿತರೆ ಒಳ್ಳೆಯದು. ಆದರೆ ಮೊದಲ ಪ್ರಶ್ನೆಗೆ ಪೆನ್ಸಿಲ್ ಮತ್ತು ಬಿಳಿ ಹಾಳೆ ಧಾರಾಳವಾಗಿ ಸಾಕು. ಧನ (ಪ್ಲಸ್) ಸರಬರಾಜು ಮೇಲ್ಗಡೆ, ಗ್ರೌಂಡ್ ಕೆಳಗಡೆ, ಸಿಗ್ನಲ್ ಎಡದಿಂದ ಬಲಕ್ಕೆ ಎಂಬ ರೂಢಿಯನ್ನು ಅನುಸರಿಸಿ. ತಂತಿಗಳು ಸೇರುವಲ್ಲಿ ಚುಕ್ಕೆ ಇಡಿ, ಸುಮ್ಮನೆ ದಾಟುವಲ್ಲಿ ಇಡಬೇಡಿ. ಪ್ರತಿಯೊಂದು ಬಿಡಿಭಾಗದ ಪಕ್ಕದಲ್ಲಿ ಅದರ ಮೌಲ್ಯವನ್ನೋ ಸಂಖ್ಯೆಯನ್ನೋ ಬರೆಯಿರಿ. ಮುಖ್ಯವಾದ ಮಾತೆಂದರೆ, ನಕ್ಷೆಯನ್ನು ಪಾಠದಿಂದ ನಕಲು ಮಾಡದೆ, ಬೋರ್ಡಿನ ಮೇಲೆ ಒಂದೊಂದೇ ತಂತಿಯನ್ನು ಬೆರಳಿನಿಂದ ಹಿಂಬಾಲಿಸುತ್ತ ಬರೆಯಬೇಕು. ಹೀಗೆ ಬರೆಯುವಾಗಲೇ "ಅರೆ, ಈ ತಂತಿ ಪಕ್ಕದ ಸಾಲಿನಲ್ಲಿದೆಯಲ್ಲ" ಎಂದು ಗೊತ್ತಾಗಿ ಪ್ರಶ್ನೆಯೇ ಬೇಡವಾಗುವ ಸಂದರ್ಭಗಳು ನನ್ನ ಅನುಭವದಲ್ಲಿ ಕಡಿಮೆಯೇನಿಲ್ಲ.

ಫೋಟೋವನ್ನು ನೇರ ಮೇಲಿನಿಂದ, ಹಗಲು ಬೆಳಕಿನಲ್ಲಿ ತೆಗೆಯಿರಿ. ಬ್ರೆಡ್‌ಬೋರ್ಡಿನ ತೂತುಗಳ ನಡುವಿನ ಅಂತರ 2.54 ಮಿಲಿಮೀಟರ್ ಮಾತ್ರ; ಓರೆಯಾಗಿ ತೆಗೆದ ಚಿತ್ರದಲ್ಲಿ ತಂತಿ ಯಾವ ಸಾಲಿಗೆ ಇಳಿದಿದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಎಲ್ಲ ತಂತಿಗಳೂ ಒಂದೇ ಬಣ್ಣದವಾದರೆ ಉತ್ತರಿಸುವವರಿಗೆ ಅದು ನೂಲಿನ ಗೋಜಲು. ಕೆಂಪನ್ನು ಧನಕ್ಕೆ, ಕಪ್ಪನ್ನು ಗ್ರೌಂಡ್‌ಗೆ ಮೀಸಲಿಟ್ಟರೂ ಅರ್ಧ ಗೋಜಲು ಬಿಡಿಸಿದಂತೆ.

4. ಬಿಡಿಭಾಗದ ಹೆಸರೇ ನನಗೆ ಗೊತ್ತಿಲ್ಲ. ಹೇಗೆ ಕೇಳಲಿ?

ಕಂಡದ್ದನ್ನು ಕಂಡಂತೆ ಬರೆಯಿರಿ: ಎಷ್ಟು ಕಾಲು, ಯಾವ ಬಣ್ಣ, ಎಷ್ಟು ಉದ್ದ, ಮೈಮೇಲೆ ಯಾವ ಅಕ್ಷರಗಳು. ಸಣ್ಣ ಸೆರಾಮಿಕ್ ಕೆಪಾಸಿಟರ್ (ಚಾರ್ಜನ್ನು ಹಿಡಿದಿಡುವ ಬಿಡಿಭಾಗ) ಮೇಲೆ 104 ಎಂದಿದ್ದರೆ ಅದು 104 ಅಲ್ಲ. 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್, ಅಂದರೆ 100 ನ್ಯಾನೋಫ್ಯಾರಡ್. ಇದು ಗೊತ್ತಿಲ್ಲದಿದ್ದರೂ "104 ಎಂದು ಬರೆದಿರುವ ಕಿತ್ತಳೆ ಬಣ್ಣದ ಬಿಲ್ಲೆ" ಎಂದರೆ ಸಾಕು, ಬಲ್ಲವರು ಅರ್ಥ ಮಾಡಿಕೊಳ್ಳುತ್ತಾರೆ. ರೆಸಿಸ್ಟರ್‌ಗಳ ವಿಷಯದಲ್ಲಿ ಮಾತ್ರ ಬಣ್ಣವನ್ನು ಪೂರ್ತಿ ನಂಬಬೇಡಿ. ಕಂದು, ಕಪ್ಪು, ಕೆಂಪು ಎಂದರೆ 1 ಕಿಲೋಓಮ್. ಕಂದು, ಕಪ್ಪು, ಕಿತ್ತಳೆ ಎಂದರೆ 10 ಕಿಲೋಓಮ್. ಹಳದಿ ಬಲ್ಬಿನ ಬೆಳಕಿನಲ್ಲಿ ಕೆಂಪಿಗೂ ಕಿತ್ತಳೆಗೂ ವ್ಯತ್ಯಾಸವೇ ಕಾಣುವುದಿಲ್ಲ. ಬೋರ್ಡಿಗೆ ಚುಚ್ಚುವ ಮೊದಲು ಮಲ್ಟಿಮೀಟರ್‌ನಲ್ಲಿ (ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಅಳೆಯುವುದು ಎಲ್ಲಕ್ಕಿಂತ ಸಲೀಸು.

5. ಮಲ್ಟಿಮೀಟರ್ ಇಲ್ಲದೆ ಕೇಳಬಾರದೆ?

ಕೇಳಬಹುದು. ಆದರೆ ಮುಂದಿನ ಸೆನ್ಸರನ್ನೋ ಮಾಡ್ಯೂಲನ್ನೋ ಕೊಳ್ಳುವ ಮೊದಲು ಒಂದು ಸಾಧಾರಣ ಮೀಟರನ್ನು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ಅಲ್ಲಿಯವರೆಗೆ 1 ಕಿಲೋಓಮ್ ರೆಸಿಸ್ಟರ್ ಜೊತೆಗೆ ಸರಣಿಯಲ್ಲಿ ಜೋಡಿಸಿದ ಕೆಂಪು ಎಲ್‌ಇಡಿ ಒಂದು ಬಡ ಪ್ರೋಬ್ ಆಗಬಲ್ಲದು. 5 ವೋಲ್ಟ್ ಸರ್ಕ್ಯೂಟಿನಲ್ಲಿ ಅದು ಎಲ್ಲಿ ಉರಿಯುತ್ತದೆ, ಎಲ್ಲಿ ಉರಿಯುವುದಿಲ್ಲ ಎಂದು ಬರೆದರೂ ಏನೂ ಬರೆಯದಿರುವುದಕ್ಕಿಂತ ಎಷ್ಟೋ ಮೇಲು.

6. ಮೀಟರ್ ಇದೆ. ಎಲ್ಲಿ, ಏನನ್ನು ಅಳೆದು ಬರೆಯಲಿ?

ಕಪ್ಪು ಪ್ರೋಬನ್ನು ಗ್ರೌಂಡ್‌ನಲ್ಲಿ ಇರಿಸಿ, ಕೆಂಪು ಪ್ರೋಬ್‌ನಿಂದ ಸರ್ಕ್ಯೂಟಿನ ಒಂದೊಂದು ಸಂಧಿಯಲ್ಲೂ ಡಿಸಿ ವೋಲ್ಟೇಜ್ ನೋಡಿ, ಅದನ್ನು ನಕ್ಷೆಯ ಮೇಲೆಯೇ ಆಯಾ ಜಾಗದಲ್ಲಿ ಬರೆಯಿರಿ. ಮೊದಲು ನೋಡಬೇಕಾದದ್ದು ಸರಬರಾಜು. ಅದನ್ನು ಬ್ಯಾಟರಿಯ ತುದಿಯಲ್ಲಲ್ಲ, ಚಿಪ್‌ನ ಕಾಲುಗಳ ಮೇಲೆಯೇ ನೋಡಬೇಕು, ಅದೂ ಸರ್ಕ್ಯೂಟ್ ಕೆಲಸ ಮಾಡಲು ಯತ್ನಿಸುತ್ತಿರುವ ಹೊತ್ತಿನಲ್ಲಿ. ಚೌಕಾಕಾರದ ಪುಟ್ಟ 9 ವೋಲ್ಟ್ ಬ್ಯಾಟರಿ ಸುಮ್ಮನಿರುವಾಗ 9.2 ತೋರಿಸಿ, ಮೋಟಾರ್ ತಿರುಗಲು ಹೊರಟ ಕೂಡಲೇ 6ಕ್ಕೆ ಕುಸಿಯಬಹುದು. "ಬ್ಯಾಟರಿ ಹೊಸದು" ಎಂಬ ಮಾತು ಈ ಕುಸಿತವನ್ನು ಮುಚ್ಚಿಡುತ್ತದೆ. ಇಎಸ್‌ಪಿ32 ಬೋರ್ಡ್ ವೈಫೈ ಆನ್ ಮಾಡುವ ಗಳಿಗೆಯಲ್ಲಿ ಕೆಲವು ನೂರು ಮಿಲಿಆಂಪ್ ಎಳೆಯುವುದರಿಂದ, ಬಡಕಲು ಸರಬರಾಜಿದ್ದರೆ ಪದೇ ಪದೇ ರೀಸೆಟ್ ಆಗುವುದೂ ಇದೇ ಕಾರಣಕ್ಕೆ. ಇಂಥ ಕ್ಷಣಿಕ ಕುಸಿತವನ್ನು ಮೀಟರ್ ಹಿಡಿಯದೇ ಹೋಗಬಹುದು, ಆದ್ದರಿಂದ ಯಾವ ಗಳಿಗೆಯಲ್ಲಿ ರೀಸೆಟ್ ಆಯಿತೆಂಬುದನ್ನು ಬರೆಯಬೇಕು.

"ವೋಲ್ಟೇಜ್ ಸರಿಯಾಗಿದೆ" ಎಂದು ಮಾತ್ರ ಎಂದೂ ಬರೆಯಬೇಡಿ. ಸರಿ ಎನ್ನುವುದು ತೀರ್ಮಾನ, 4.3 ಎನ್ನುವುದು ಮಾಹಿತಿ.

ಎರಡು ಎಚ್ಚರಿಕೆಗಳಿವೆ. ರೆಸಿಸ್ಟೆನ್ಸನ್ನೂ ಕಂಟಿನ್ಯೂಟಿಯನ್ನೂ (ಎರಡು ಬಿಂದುಗಳ ನಡುವೆ ಸಂಪರ್ಕ ಇದೆಯೆ ಎಂಬುದನ್ನೂ) ಸರಬರಾಜು ತೆಗೆದ ಮೇಲೆಯೇ ಅಳೆಯಬೇಕು. ಸರ್ಕ್ಯೂಟಿನಲ್ಲಿರುವ ರೆಸಿಸ್ಟರನ್ನು ಅಳೆದರೆ ಅದಕ್ಕೆ ಸಮಾಂತರವಾಗಿರುವ ಉಳಿದ ದಾರಿಗಳೂ ಸೇರಿ ಕಡಿಮೆ ಅಂಕಿ ಬರುವುದುಂಟು. ಇನ್ನೊಂದು, ಕರೆಂಟ್ ಅಳೆದ ಮೇಲೆ ಕೆಂಪು ಪ್ರೋಬನ್ನು 10 ಆಂಪ್ ಕುಳಿಯಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋಗಬಾರದು. ಆ ಕುಳಿಯಲ್ಲಿ ಮೀಟರ್ ಹೆಚ್ಚೂಕಡಿಮೆ ಒಂದು ತುಂಡು ತಂತಿಯಂತೆ ವರ್ತಿಸುತ್ತದೆ. ನಾನು ಹೀಗೆ ಒಂದು ಸಂಜೆ 12 ವೋಲ್ಟ್ ಬ್ಯಾಟರಿಯ ಎರಡು ತುದಿಗಳನ್ನು ಮುಟ್ಟಿಸಿ, ಪ್ರೋಬಿನ ಮೂತಿಯನ್ನು ಕರಗಿಸಿಕೊಂಡವನು. ಆ ಕರಿ ಮೂತಿಯ ಪ್ರೋಬ್ ಈಗಲೂ ನನ್ನ ಡಬ್ಬಿಯಲ್ಲಿದೆ.

7. ಕೇಳಿದ್ದಕ್ಕೆ ಉತ್ತರಿಸದೆ "ನಿಮಗೆ ಅದು ಏಕೆ ಬೇಕು?" ಎನ್ನುತ್ತಾರೆ. ಇದು ಉದ್ಧಟತನವಲ್ಲವೆ?

ಬಹುಪಾಲು ಅಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. "ಎರಡು ರೆಸಿಸ್ಟರ್ ಬಳಸಿ 12 ವೋಲ್ಟನ್ನು 5 ವೋಲ್ಟ್ ಮಾಡುವುದು ಹೇಗೆ?" ಎಂದು ಒಬ್ಬರು ಕೇಳುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರಿಸುವುದಾದರೆ 7 ಕಿಲೋಓಮ್ ಮತ್ತು 5 ಕಿಲೋಓಮ್ ಸರಣಿಯಲ್ಲಿ ಜೋಡಿಸಿ, ನಡುವಿನಿಂದ 5 ವೋಲ್ಟ್ ತೆಗೆದುಕೊಳ್ಳಿ ಎನ್ನಬಹುದು. ಲೆಕ್ಕ ಸರಿಯಾಗಿಯೇ ಇದೆ, ಮೀಟರ್ ಹಿಡಿದರೆ 5 ಎಂದೇ ತೋರಿಸುತ್ತದೆ. ಆದರೆ ಕೇಳಿದವರ ಉದ್ದೇಶ ಅಲ್ಲಿಂದ ಒಂದು ಸಣ್ಣ ಮೋಟಾರ್ ಓಡಿಸುವುದು. 5 ವೋಲ್ಟಿನಲ್ಲಿ 100 ಮಿಲಿಆಂಪ್ ಎಳೆಯುವ ಹೊರೆಯೆಂದರೆ ಸುಮಾರು 50 ಓಮ್. ಅದನ್ನು ಜೋಡಿಸಿದ ಕೂಡಲೇ ನಡುವಿನ ವೋಲ್ಟೇಜ್ 0.1ಕ್ಕಿಂತಲೂ ಕೆಳಗೆ ಬೀಳುತ್ತದೆ. ಮೋಟಾರ್ ಅಲುಗುವುದೂ ಇಲ್ಲ. ಎರಡು ದಿನ ಬಿಟ್ಟು "ಮೋಟಾರ್ ಕೆಟ್ಟಿದೆಯೆ?" ಎಂಬ ಹೊಸ ಪ್ರಶ್ನೆ ಬರುತ್ತದೆ.

ಗುರಿಯನ್ನು ಬಿಟ್ಟು, ತಾವೇ ಕಲ್ಪಿಸಿಕೊಂಡ ಅರೆ ಪರಿಹಾರದ ಬಗ್ಗೆ ಕೇಳುವ ಈ ಅಭ್ಯಾಸಕ್ಕೆ ಬಲ್ಲವರ ನಡುವೆ ಎಕ್ಸ್‌ವೈ ಪ್ರಾಬ್ಲಮ್ ಎಂಬ ಹೆಸರಿದೆ. ಗುರಿ ಮೊದಲೇ ಗೊತ್ತಿದ್ದರೆ ಮಾತು ಬೇರೆ ಕಡೆ ಹೋಗುತ್ತಿತ್ತು. 100 ಮಿಲಿಆಂಪ್‌ಗೆ 7805 ರೆಗ್ಯುಲೇಟರ್ (ಹೆಚ್ಚಿನ ವೋಲ್ಟೇಜನ್ನು ಸ್ಥಿರವಾದ 5 ವೋಲ್ಟಿಗೆ ಇಳಿಸುವ ಬಿಡಿಭಾಗ) ಸಾಕು. ಅದೇ ಹೊರೆ ಅರ್ಧ ಆಂಪ್ ಆದರೆ ಉಳಿದ 7 ವೋಲ್ಟ್ ಗುಣಿಸು 0.5 ಆಂಪ್, ಅಂದರೆ 3.5 ವ್ಯಾಟ್ ಶಾಖವಾಗಿ ಹೋಗುತ್ತದೆ, ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಇಲ್ಲದ 7805 ಅಷ್ಟನ್ನು ತಾಳಲಾರದೆ ಬಿಸಿಯಾಗಿ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಆಗ ಬಕ್ ಕನ್ವರ್ಟರ್ (ಹೆಚ್ಚು ಶಾಖ ಮಾಡದೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಒಳ್ಳೆಯದು. ನೋಡಿ, ಉತ್ತರ ಎಷ್ಟು ಆಂಪ್ ಎಂಬುದರ ಮೇಲೆ ನಿಂತಿದೆ, ಆಂಪ್ ಗುರಿಯ ಮೇಲೆ ನಿಂತಿದೆ. ಆದ್ದರಿಂದ ಮೊದಲ ವಾಕ್ಯದಲ್ಲೇ ಗುರಿಯನ್ನು ಹೇಳಿಬಿಡಿ.

8. "ಡೇಟಾಶೀಟ್ ಓದಿ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೂವತ್ತು ಪುಟಗಳಲ್ಲಿ ಏನನ್ನು ಓದಲಿ?

ಡೇಟಾಶೀಟ್ ಎಂದರೆ ಬಿಡಿಭಾಗದ ತಯಾರಕರು ಕೊಡುವ ವಿವರಗಳ ಕಡತ. ಆರಂಭದಲ್ಲಿ ಮೂವತ್ತೂ ಬೇಡ. ಕಾಲುಗಳ ಚಿತ್ರ, ಗರಿಷ್ಠ ಮಿತಿಗಳ ಕೋಷ್ಟಕ, ಶಿಫಾರಸು ಮಾಡಿದ ಕಾರ್ಯಸ್ಥಿತಿಗಳ ಕೋಷ್ಟಕ, ಮಾದರಿ ಸರ್ಕ್ಯೂಟ್, ಇಷ್ಟು ನೋಡಿದರೆ ಹೊಸಬರ ಹೆಚ್ಚಿನ ಸಂದೇಹಗಳು ತೀರುತ್ತವೆ. ಗರಿಷ್ಠ ಮಿತಿಯೆಂದರೆ ಅಲ್ಲಿಯವರೆಗೆ ನಿಶ್ಚಿಂತೆಯಿಂದ ಬಳಸಬಹುದೆಂದು ಅರ್ಥವಲ್ಲ, ಅದನ್ನು ದಾಟಿದರೆ ಹಾಳಾಗಬಹುದೆಂದು ಅರ್ಥ. ಆರ್ಡುಯಿನೊ ಯುನೊದಲ್ಲಿರುವ ಚಿಪ್‌ನ ಒಂದು ಪಿನ್‌ಗೆ ಗರಿಷ್ಠ ಮಿತಿ 40 ಮಿಲಿಆಂಪ್ ಎಂದಿದೆ. ಬಳಸುವಾಗ 20ರೊಳಗೆ ಇರುವುದು ಕ್ಷೇಮ. 70 ಮಿಲಿಆಂಪಿನ ರಿಲೇ ಕಾಯಿಲನ್ನು ಪಿನ್‌ಗೆ ನೇರವಾಗಿ ಏಕೆ ಜೋಡಿಸಬಾರದೆಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಡೇಟಾಶೀಟಿನಲ್ಲಿ ಹೊಸಬರು ಜಾರುವ ಒಂದು ಮೆಟ್ಟಿಲಿದೆ. ಐಆರ್‌ಎಫ್‌ಜೆಡ್44ಎನ್ ಎಂಬ ಮಾಸ್ಫೆಟ್‌ನ (ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ಆನ್ ಆಗುವ ಟ್ರಾನ್ಸಿಸ್ಟರ್) ಗೇಟ್ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದು ಬರೆದಿರುವುದನ್ನು ಓದಿ, 5 ವೋಲ್ಟ್ ಕೊಟ್ಟರೆ ಪೂರ್ತಿ ಆನ್ ಆಗುತ್ತದೆಂದು ಭಾವಿಸುತ್ತಾರೆ. ಆದರೆ ಆ ಸಾಲಿನ ಪಕ್ಕದಲ್ಲೇ 250 ಮೈಕ್ರೋಆಂಪ್ ಎಂಬ ಷರತ್ತು ಇದೆ; ಅಂದರೆ ಅದು ಬಾಗಿಲು ಸಂದು ಬಿಡುವ ವೋಲ್ಟೇಜ್, ಪೂರ್ತಿ ತೆರೆಯುವ ವೋಲ್ಟೇಜ್ ಅಲ್ಲ. ಪೂರ್ತಿ ಆನ್ ಆದಾಗಿನ ರೆಸಿಸ್ಟೆನ್ಸನ್ನು ಗೇಟಿಗೆ 10 ವೋಲ್ಟ್ ಕೊಟ್ಟು ಅಳೆದಿರುತ್ತಾರೆ. 5 ವೋಲ್ಟಿನಿಂದಲೇ ನಡೆಸಬೇಕಾದರೆ ಐಆರ್‌ಎಲ್‌ಜೆಡ್44ಎನ್‌ನಂಥ ಲಾಜಿಕ್ ಲೆವೆಲ್ ಮಾಸ್ಫೆಟ್ ಬೇಕು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ.

ಓದಿದ ಮೇಲೂ ತಿಳಿಯದಿದ್ದರೆ ನಾಚಿಕೆಯಿಲ್ಲದೆ ಕೇಳಿ, ಆದರೆ ಜಾಗ ತೋರಿಸಿ ಕೇಳಿ: "ಎಲ್‌ಎಂ358 ಆಂಪ್ಲಿಫೈಯರ್ ಚಿಪ್‌ನ ಡೇಟಾಶೀಟಿನಲ್ಲಿ ಔಟ್‌ಪುಟ್ ಸರಬರಾಜಿಗಿಂತ 1.5 ವೋಲ್ಟ್ ಕೆಳಗೆ ನಿಲ್ಲುತ್ತದೆ ಎಂದಿದೆ. ನನ್ನ 5 ವೋಲ್ಟ್ ಸರ್ಕ್ಯೂಟಿನಲ್ಲಿ 3.5ರ ಮೇಲೆ ಹೋಗದಿರುವುದಕ್ಕೆ ಇದೇ ಕಾರಣವೆ?" ಹೀಗೆ ಕೇಳಿದವರಿಗೆ "ಡೇಟಾಶೀಟ್ ಓದಿ" ಎಂದವರನ್ನು ನಾನು ಕಂಡಿಲ್ಲ.

9. ಪ್ರೋಗ್ರಾಂ ಪೂರ್ತಿ ಹಾಕಬೇಕೆ?

ದೋಷ ಕಾಣಿಸಿಕೊಳ್ಳುವ ಅತಿ ಚಿಕ್ಕ ಪ್ರೋಗ್ರಾಂ ಹಾಕಿ, ಅದು ಹಾಗೆಯೇ ಕಂಪೈಲ್ ಆಗುವಂತಿರಲಿ. ನಾನೂರು ಸಾಲುಗಳಲ್ಲಿ ಮೂರು ಸೆನ್ಸರ್, ಒಂದು ಡಿಸ್‌ಪ್ಲೇ, ವೈಫೈ ಎಲ್ಲ ಇದ್ದು, ಕೆಲಸ ಮಾಡದಿರುವುದು ಡಿಸ್‌ಪ್ಲೇ ಮಾತ್ರವಾದರೆ, ಡಿಸ್‌ಪ್ಲೇಯಲ್ಲಿ ಒಂದು ಪದ ತೋರಿಸುವ ಹತ್ತು ಸಾಲಿನ ಪ್ರೋಗ್ರಾಂ ಬರೆದು ನೋಡಿ. ಅದು ಕೆಲಸ ಮಾಡಿದರೆ ದೋಷ ಉಳಿದ ಸಾಲುಗಳಲ್ಲಿದೆ. ಮಾಡದಿದ್ದರೆ ಕೇಳಬೇಕಾದ ಪ್ರಶ್ನೆ ಈಗ ಹತ್ತೇ ಸಾಲಿನದು. ಪ್ರೋಗ್ರಾಂ ಮತ್ತು ದೋಷಸಂದೇಶ ಎರಡನ್ನೂ ಅಕ್ಷರರೂಪದಲ್ಲೇ ಅಂಟಿಸಿ, ಪರದೆಯ ಫೋಟೋ ತೆಗೆದು ಹಾಕಬೇಡಿ; ಚಿತ್ರದಲ್ಲಿರುವ ಪ್ರೋಗ್ರಾಮನ್ನು ಯಾರೂ ತಮ್ಮ ಬೋರ್ಡಿನಲ್ಲಿ ಓಡಿಸಿ ನೋಡಲಾರರು.

ಡಿಸ್‌ಪ್ಲೇಯ ಮಾತು ಬಂದದ್ದರಿಂದ ಹೇಳುತ್ತೇನೆ: ಐ2ಸಿ (ಎರಡೇ ಸಿಗ್ನಲ್ ತಂತಿಗಳಲ್ಲಿ ಡೇಟಾ ಕಳಿಸುವ ವಿಧಾನ) ಮಾಡ್ಯೂಲ್ ಬೆನ್ನಿಗಂಟಿರುವ ಹದಿನಾರು ಅಕ್ಷರ, ಎರಡು ಸಾಲಿನ ಎಲ್‌ಸಿಡಿ "ಕೆಲಸ ಮಾಡುತ್ತಿಲ್ಲ" ಎಂಬ ಮಾತಿಗೆ ಕನಿಷ್ಠ ಎರಡು ಅರ್ಥಗಳಿವೆ. ಹಿಂಬೆಳಕು ಇದ್ದು ಏನೂ ಕಾಣದಿದ್ದರೆ ಹಿಂಬದಿಯ ಪುಟ್ಟ ಕಾಂಟ್ರಾಸ್ಟ್ ತಿರುಗಣಿಯನ್ನು ಮೊದಲು ತಿರುಗಿಸಿ ನೋಡಬೇಕು. ಮೇಲಿನ ಸಾಲಿನಲ್ಲಿ ಕಪ್ಪು ಚೌಕಗಳು ಮಾತ್ರ ಕಂಡರೆ ಸರಬರಾಜೂ ಕಾಂಟ್ರಾಸ್ಟೂ ಸರಿಯಿವೆ, ಪ್ರೋಗ್ರಾಂನ ಆದೇಶಗಳು ಅದಕ್ಕೆ ತಲುಪಿಲ್ಲ. ಆಗ ಪ್ರೋಗ್ರಾಂನಲ್ಲಿ ಬರೆದ ಮಾಡ್ಯೂಲಿನ ವಿಳಾಸ ಹೆಕ್ಸ್ (ಹದಿನಾರರ ಎಣಿಕೆ) 27 ಇರಬೇಕಾದಲ್ಲಿ 3ಎಫ್ ಇದೆಯೆ, ಎರಡು ಸಿಗ್ನಲ್ ತಂತಿಗಳು ಅದಲುಬದಲಾಗಿವೆಯೆ ಎಂದು ನೋಡಬೇಕು. ಆದ್ದರಿಂದ "ಕೆಲಸ ಮಾಡುತ್ತಿಲ್ಲ" ಎಂಬ ಪದಪುಂಜವನ್ನು ಪ್ರಶ್ನೆಯಿಂದ ಹೊಡೆದುಹಾಕಿ, ಏನು ಕಾಣುತ್ತಿದೆ ಎಂಬುದನ್ನು ಆ ಜಾಗದಲ್ಲಿ ಬರೆಯಿರಿ. ಬೋರ್ಡಿಗೆ ಪ್ರೋಗ್ರಾಂ ಏರುತ್ತಲೇ ಇಲ್ಲವೆಂದಾದರೆ ಮೊದಲು ಬೇರೊಂದು ಯುಎಸ್‌ಬಿ ಕೇಬಲ್ ಹಾಕಿ. ಚಾರ್ಜ್ ಮಾಡುವುದಕ್ಕಷ್ಟೇ ಬರುವ, ಡೇಟಾ ತಂತಿಗಳೇ ಇಲ್ಲದ ಕೇಬಲ್‌ಗಳು ಎಲ್ಲರ ಮನೆಯಲ್ಲೂ ಒಂದೆರಡು ಇರುತ್ತವೆ.

10. ಕೇಳುವ ಮೊದಲು ನಾನೇ ನೋಡಿಕೊಳ್ಳಬಹುದಾದ ತಪ್ಪುಗಳು ಯಾವುವು?

ಎರಡು ಸರಬರಾಜುಗಳಿದ್ದಾಗ ಅವುಗಳ ಗ್ರೌಂಡ್ ಸೇರಿಸದಿರುವುದು ಮೊದಲನೆಯದು. ಮೋಟಾರಿಗೆ ಬೇರೆ ಬ್ಯಾಟರಿ, ಬೋರ್ಡಿಗೆ ಯುಎಸ್‌ಬಿ ಇರುವಾಗ, ಎರಡರ ಋಣ ತುದಿಗಳು ಕೂಡದೆ ಇದ್ದರೆ ಸಿಗ್ನಲ್‌ಗೆ ಮರಳುವ ದಾರಿಯೇ ಇರುವುದಿಲ್ಲ. ಉದ್ದನೆಯ ಕೆಲವು ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಸರಬರಾಜು ಸಾಲುಗಳು ನಡುವೆ ತುಂಡಾಗಿರುತ್ತವೆ. ಅಲ್ಲಿ ಕೆಂಪು ಮತ್ತು ನೀಲಿ ಗೆರೆಗಳೂ ತುಂಡಾಗಿರುವುದನ್ನು ಗಮನಿಸಿ. ಬಟನ್ ಒತ್ತದೆಯೂ ಒತ್ತಿದಂತೆ ತೋರುತ್ತಿದ್ದರೆ ಇನ್‌ಪುಟ್ ಪಿನ್ ಎಲ್ಲಿಗೂ ಕಟ್ಟಿಲ್ಲದೆ ತೇಲುತ್ತಿರುವ ಸಾಧ್ಯತೆ ಹೆಚ್ಚು. ಪುಲ್‌ಅಪ್ ರೆಸಿಸ್ಟರ್ (ಪಿನ್ನನ್ನು ಸರಬರಾಜಿನ ಧನ ತುದಿಗೆ ಕಟ್ಟುವ ರೆಸಿಸ್ಟರ್) ಹಾಕಬೇಕು, ಇಲ್ಲವೆ ಚಿಪ್‌ನೊಳಗಿನದನ್ನು ಪ್ರೋಗ್ರಾಂನಿಂದ ಆನ್ ಮಾಡಬೇಕು. 5 ವೋಲ್ಟಿನ ಸೆನ್ಸರನ್ನು 3.3 ವೋಲ್ಟಿನ ಬೋರ್ಡಿಗೆ ನೇರವಾಗಿ ಜೋಡಿಸುವುದು ಇನ್ನೊಂದು. ಅಲ್ಟ್ರಾಸಾನಿಕ್ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಪಿನ್‌ಗಳು ಅದನ್ನು ತಡೆಯುವುದಿಲ್ಲ. 1 ಕಿಲೋಓಮ್ ಮತ್ತು 2 ಕಿಲೋಓಮ್‌ನ ಡಿವೈಡರ್ (7ನೇ ಪ್ರಶ್ನೆಯಲ್ಲಿದ್ದಂತೆ ಸರಣಿಯಲ್ಲಿಟ್ಟ ಎರಡು ರೆಸಿಸ್ಟರ್) ಇಟ್ಟರೆ 3.3 ವೋಲ್ಟ್ ಸಿಗುತ್ತದೆ. ಮೇಲೆ ಮೋಟಾರಿಗೆ ಸಲ್ಲದ ಡಿವೈಡರ್ ಇಲ್ಲಿ ಸಲ್ಲುವುದು, ಇನ್‌ಪುಟ್ ಪಿನ್ ಹೆಚ್ಚೂಕಡಿಮೆ ಏನನ್ನೂ ಎಳೆಯದಿರುವುದರಿಂದ. ಕೊನೆಯದಾಗಿ, ಚಿಪ್ ಮನಸ್ಸಿಗೆ ಬಂದಂತೆ ವರ್ತಿಸುತ್ತಿದ್ದರೆ ಅದರ ಸರಬರಾಜು ಕಾಲುಗಳ ಪಕ್ಕದಲ್ಲೇ ಒಂದು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಟ್ಟು ನೋಡಿ.

ಇವನ್ನು ನೋಡಿಯೂ ಸಮಸ್ಯೆ ಉಳಿದರೆ, ನೋಡಿದ್ದೇನೆಂದು ಪ್ರಶ್ನೆಯಲ್ಲಿ ಒಂದು ಸಾಲು ಸೇರಿಸಿ.

11. ಮೇನ್ಸ್ (ಮನೆಯ ಗೋಡೆಯ ಸಾಕೆಟ್ಟಿನ) ವಿದ್ಯುತ್ತಿನ ಬಗ್ಗೆ ಕೇಳಿದರೆ "ಕೈಹಾಕಬೇಡಿ" ಎಂದು ಮಾತ್ರ ಹೇಳುತ್ತಾರೆ. ಏಕೆ?

ಉಳಿದ ಪ್ರಶ್ನೆಗಳಲ್ಲಿ ತಪ್ಪು ಉತ್ತರದ ಬೆಲೆ ಒಂದು ಎಲ್‌ಇಡಿ, ಇಲ್ಲಿ ಹಾಗಲ್ಲ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕ ಮೇನ್ಸ್ ಇಳಿಸುವ ಸರ್ಕ್ಯೂಟಿನಲ್ಲಿ ಔಟ್‌ಪುಟ್ 5 ವೋಲ್ಟ್ ಎಂದು ಮೀಟರ್ ತೋರಿಸಿದರೂ, ಇಡೀ ಸರ್ಕ್ಯೂಟಿಗೆ ಮೇನ್ಸ್ ಜೊತೆ ನೇರ ಸಂಪರ್ಕವಿರುತ್ತದೆ. ಅದರ ಗ್ರೌಂಡನ್ನು ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಸರಬರಾಜು ತೆಗೆದ ಮೇಲೂ ಕ್ಯಾಮೆರಾ ಫ್ಲ್ಯಾಶಿನ ಕೆಪಾಸಿಟರ್ 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರುತ್ತದೆ, ಮೈಕ್ರೋವೇವ್ ಓವನ್‌ನೊಳಗಿನದು ಸಾವಿರಗಳಲ್ಲಿ. ದೂರದಲ್ಲಿ ಕುಳಿತವರಿಗೆ ನಿಮ್ಮ ಬೆಸುಗೆಯಾಗಲಿ, ತಂತಿಯ ಹೊದಿಕೆಯಾಗಲಿ, ಪಕ್ಕದಲ್ಲಿ ಆಡುತ್ತಿರುವ ಮಗುವಾಗಲಿ ಕಾಣುವುದಿಲ್ಲ. ಬಲ್ಲವರು ಹಿಂಜರಿಯುವುದು ಅದಕ್ಕೆ, ಮತ್ತು ಆ ಹಿಂಜರಿಕೆ ನನಗೆ ಸರಿಯಾಗಿಯೇ ಕಾಣುತ್ತದೆ. ಲಿಥಿಯಂ ಅಯಾನ್ ಸೆಲ್‌ಗಳಿಗೂ ಇದೇ ಮಾತು: ಸಾಮಾನ್ಯ ಸೆಲ್‌ಗೆ ಚಾರ್ಜಿನ ಮೇಲ್ಮಿತಿ 4.2 ವೋಲ್ಟ್, ಅದನ್ನು ಕಾಯುವ ಚಾರ್ಜರ್ ಇಲ್ಲದೆ ನೇರ 5 ವೋಲ್ಟ್ ಕೊಡುವವರಿಗೆ ಯಾರೂ ನಕ್ಷೆ ಬರೆದುಕೊಡಬಾರದು. ತಯಾರಾದ, ಮುಚ್ಚಿದ ಅಡಾಪ್ಟರ್ ಬಳಸಿ, ಅದರಿಂದ ಈಚೆಗಿನ ಪ್ರಶ್ನೆ ಕೇಳಿದರೆ ಉತ್ತರಗಳಿಗೆ ಬರವಿರುವುದಿಲ್ಲ.

12. ಇಬ್ಬರು ಎರಡು ರೀತಿ ಹೇಳಿದರೆ ಯಾರನ್ನು ನಂಬಲಿ?

ಕಾರಣ ಕೊಟ್ಟವರನ್ನು. ಕೆಲವೊಮ್ಮೆ ಇಬ್ಬರೂ ಸರಿಯಿರುತ್ತಾರೆ: 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ 220 ಓಮ್ ಎಂದವರ ಲೆಕ್ಕದಲ್ಲಿ ಸುಮಾರು 14 ಮಿಲಿಆಂಪ್, 1 ಕಿಲೋಓಮ್ ಎಂದವರ ಲೆಕ್ಕದಲ್ಲಿ 3 ಮಿಲಿಆಂಪ್. ಒಂದು ಪ್ರಖರ, ಇನ್ನೊಂದು ಸೌಮ್ಯ, ಎಲ್‌ಇಡಿಗೆ ಎರಡರಿಂದಲೂ ಅಪಾಯವಿಲ್ಲ. ನಿಜವಾದ ವಿರೋಧವಿದ್ದರೆ ಡೇಟಾಶೀಟನ್ನೋ ಮೀಟರನ್ನೋ ಕೇಳಿ. ಚಾಟ್‌ಬಾಟ್ ಕೊಟ್ಟ ಉತ್ತರಕ್ಕೂ ಇದೇ ಒರೆಗಲ್ಲು. ಅದು ಕಾಲುಗಳ ಕ್ರಮವನ್ನು ತಪ್ಪಾಗಿ ಹೇಳುವಾಗಲೂ ಧ್ವನಿಯಲ್ಲಿ ಎಳ್ಳಷ್ಟೂ ಅಳುಕಿರುವುದಿಲ್ಲ.

13. ಒರಟಾಗಿ ಉತ್ತರಿಸಿದರೆ?

ಒರಟಿನೊಳಗೆ ಅಳತೆಯೋ ಸಲಹೆಯೋ ಇದ್ದರೆ ಅದನ್ನಷ್ಟೇ ಹೆಕ್ಕಿಕೊಳ್ಳಿ. ಏನೂ ಇಲ್ಲದಿದ್ದರೆ ಉತ್ತರಿಸಲು ಹೋಗಬೇಡಿ.

14. ಸಮಸ್ಯೆ ಬಗೆಹರಿಯಿತು. ಇನ್ನೇನಾದರೂ ಬರೆಯಬೇಕೆ?

ಏನು ತಪ್ಪಾಗಿತ್ತು, ಏನು ಬದಲಿಸಿದಿರಿ, ಬದಲಿಸಿದ ಮೇಲೆ ಅಳತೆ ಎಷ್ಟು ಬಂತು ಎಂದು ಬರೆಯಿರಿ; "ಸರಿಹೋಯ್ತು, ಧನ್ಯವಾದ" ಎಂದು ಮುಗಿಸಿದರೆ ಮುಂದೆ ಅದೇ ತೊಡಕಿನಲ್ಲಿ ಸಿಕ್ಕಿ ಹುಡುಕುತ್ತ ಬರುವವರಿಗೆ ಅರ್ಧ ಕಥೆ ಸಿಗುತ್ತದೆ. ಮೇಲಿನ ರಿಲೇಯ ಪ್ರಶ್ನೆಗಾದರೆ ಇಷ್ಟು ಸಾಕು: "ನೋಡಿದ ಚಿತ್ರ 2ಎನ್3904ರದ್ದು, ನನ್ನ ಬಳಿ ಇದ್ದದ್ದು ಬಿಸಿ547. ಟ್ರಾನ್ಸಿಸ್ಟರನ್ನು ಅರ್ಧ ಸುತ್ತು ತಿರುಗಿಸಿ ಚುಚ್ಚಿದೆ. ಕಲೆಕ್ಟರ್‌ನಲ್ಲಿ ಈಗ 0.1 ವೋಲ್ಟ್. ರಿಲೇ ಟಕ್ ಎನ್ನುತ್ತಿದೆ."